ಹಾಡಿನ ಜೊತೆ ಹೆಸರೂ ಇರಲಿ

ಪ್ರತಿ ವರ್ಷ ನಮ್ಮ ಕನ್ನಡ ಸಂಘದ ಪತ್ರಿಕೆಯ ಸಂಕ್ರಾಂತಿ ಸಂಚಿಕೆಯಲ್ಲಿ, ಆ ವರ್ಷ ತೀರಿಹೋದವರ ನುಡಿನಮನಕ್ಕೆ ಒಂದು ಪುಟ ಎತ್ತಿಡುತ್ತೇವೆ. ಈ ಸಲ ನಾಲ್ಕು ಪುಟ ಬೇಕಾಯಿತು. 2025 ಅಂಥ ವರ್ಷ. ಜನವರಿಯಲ್ಲಿ ಸಾಗರದ ನಾ. ಡಿಸೋಜ. ಮೇ ಕೊನೆಗೆ ಎಚ್‌.ಎಸ್‌. ವೆಂಕಟೇಶಮೂರ್ತಿ, ಎಲ್ಲರ ಎಚ್ಚೆಸ್ವಿ. ಜುಲೈನಲ್ಲಿ ಬಿ. ಸರೋಜಾದೇವಿ. ಸೆಪ್ಟೆಂಬರ್ 24ಕ್ಕೆ ಎಸ್‌.ಎಲ್‌. ಭೈರಪ್ಪ, ವಾರದೊಳಗೆ ನಾಟಕದ ಯಶವಂತ ಸರದೇಶಪಾಂಡೆ. ಅಕ್ಟೋಬರ್‌ನಲ್ಲಿ ರಾಜು ತಾಳಿಕೋಟೆ. ನವೆಂಬರ್ ಮುಗಿಯುವ ದಿನ ಹಾಸ್ಯನಟ ಉಮೇಶ್.

ಸುದ್ದಿ ನಮಗೆ ಮುಟ್ಟುವ ಹೊತ್ತೇ ವಿಚಿತ್ರ. ಸರೋಜಾದೇವಿಯವರು ಹೋದದ್ದು ಅಲ್ಲಿ ಬೆಳಗ್ಗೆ. ಅಮೆರಿಕದ ಈ ಪೂರ್ವ ಕರಾವಳಿಯಲ್ಲಿ ನಮಗಿನ್ನೂ ಹಿಂದಿನ ದಿನದ ರಾತ್ರಿ. ಭೈರಪ್ಪನವರದು ಅಲ್ಲಿ ಮಧ್ಯಾಹ್ನ, ಇಲ್ಲಿ ಕಾಫಿಗೂ ಮುಂಚೆ. ಎದ್ದು ಫೋನ್ ನೋಡಿದರೆ ಸಂಘದ ಗ್ರೂಪ್‌ನಲ್ಲಿ ಕೈಮುಗಿದ ಚಿತ್ರಗಳ ಸಾಲು. ಓಂ ಶಾಂತಿ, ತುಂಬಲಾರದ ನಷ್ಟ, ಒಂದು ಯುಗಾಂತ್ಯ. ನಡುವೆ ಒಂದು ಫಾರ್ವರ್ಡ್, ಸ್ವಲ್ಪ ಹೊತ್ತಿಗೆ ಅದೇ ಫಾರ್ವರ್ಡ್ ಮತ್ತೊಬ್ಬರಿಂದ. ಮಾರನೆಯ ದಿನ ಅದೇ ಗ್ರೂಪ್‌ನಲ್ಲಿ ಪಾಟ್‌ಲಕ್‌ಗೆ ಯಾರು ಬಿಸಿಬೇಳೆಬಾತ್ ತರುತ್ತಾರೆ ಅನ್ನುವ ಚರ್ಚೆ. ಇದನ್ನು ತಪ್ಪು ಅನ್ನುತ್ತಿಲ್ಲ. ಊರಿನಲ್ಲಿದ್ದವರಿಗೆ ರವೀಂದ್ರ ಕಲಾಕ್ಷೇತ್ರದ ಮುಂದೆ ಸಾಲು ನಿಂತು ಒಂದು ಹೂವು ಇಟ್ಟು ಬರುವ ದಾರಿ ಇದೆ. ನಮಗೆ ಅದಿಲ್ಲ. ಇಲ್ಲಿಂದ ಮಾಡಬಹುದಾದದ್ದು ಬೇರೆ ಇದೆ, ಅದನ್ನು ನಾವು ಮಾಡುತ್ತಿಲ್ಲ ಅನ್ನುವುದಷ್ಟೇ ನನ್ನ ತಕರಾರು.

ಈ ಸಲದ ರಾಜ್ಯೋತ್ಸವದಲ್ಲಿ ಒಬ್ಬ ಪುಟ್ಟ ಹುಡುಗಿ ‘ಚಿನ್ನಾರಿ ಮುತ್ತ’ದ ‘ರೆಕ್ಕೆ ಇದ್ದರೆ ಸಾಕೆ’ ಹಾಡಿದಳು. ಇಲ್ಲೇ ಹುಟ್ಟಿದ ಮಗು, ‘ಹಕ್ಕಿ’ಯಲ್ಲಿ ಒತ್ತಕ್ಷರ ಒಂದು ಚೂರೂ ಜಾರಲಿಲ್ಲ. ಚಪ್ಪಾಳೆ ಜೋರಾಗಿತ್ತು. ಕಾರ್ಯಕ್ರಮದ ಹಾಳೆ ತೆಗೆದು ನೋಡಿದೆ. ಹುಡುಗಿಯ ಹೆಸರಿತ್ತು, ಹಾಡು ಕಲಿಸಿದವರ ಹೆಸರಿತ್ತು, ಸೌಂಡ್ ಸಿಸ್ಟಮ್ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿತ್ತು. ಹಾಡಿನ ಎದುರು ‘ಚಿತ್ರಗೀತೆ’ ಅಂತಷ್ಟೇ. ಪಕ್ಕದಲ್ಲಿ ಕೂತಿದ್ದ ಹಿರಿಯರು, “ತುಂಬ ಚೆನ್ನಾಗಿದೆ ಅಲ್ವಾ, ಯಾರು ಬರೆದಿದ್ದು?” ಅಂದರು. ಮೇ ತಿಂಗಳಲ್ಲಿ ಎಚ್ಚೆಸ್ವಿ ಹೋದ ದಿನ ಗ್ರೂಪ್‌ನಲ್ಲಿ ಮೊದಲು ಕೈಮುಗಿದವರೇ ಅವರು. ಹೇಳಿದ ಮೇಲೆ ಪಾಪ ಸುಮ್ಮನಾದರು. ಆಮೇಲೆ, “ಮತ್ತೆ ಆ ರಾಧೆಯ ಹಾಡೂ ಅವರದೇನಾ?” ಅಂದರು. ಹೌದು, ‘ಲೋಕದ ಕಣ್ಣಿಗೆ ರಾಧೆಯು ಕೂಡ’ ಅವರದೇ. ‘ತೂಗು ಮಂಚದಲ್ಲಿ ಕೂತು’ ಅವರದೇ. ‘ಇಷ್ಟು ಕಾಲ ಒಟ್ಟಿಗಿದ್ದು’ ಕೂಡ. ನಮ್ಮ ಸಂಘದಲ್ಲಿ ಈ ಹಾಡುಗಳಿಲ್ಲದೆ ಒಂದು ಭಾವಗೀತೆ ಸಂಜೆಯೂ ಮುಗಿದಿಲ್ಲ.

ಚನ್ನಗಿರಿ ತಾಲೂಕಿನ ಹೋದಿಗೆರೆಯಲ್ಲಿ 1944ರಲ್ಲಿ ಹುಟ್ಟಿದವರು ಎಚ್ಚೆಸ್ವಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಮೂರು ದಶಕ ಕನ್ನಡ ಪಾಠ ಮಾಡಿದರು. ಕಾಮರ್ಸ್ ಹುಡುಗರಿಗೆ ಕನ್ನಡ ಮೇಷ್ಟ್ರು ಅಂದರೆ ಎಷ್ಟು ಕಷ್ಟದ ಕೆಲಸ ಅಂತ ಆ ಬೆಂಚಿನಲ್ಲಿ ಕೂತವರಿಗೆ ಗೊತ್ತು. 1993ರಲ್ಲಿ ನಾಗಾಭರಣ ಅವರ ‘ಚಿನ್ನಾರಿ ಮುತ್ತ’ಕ್ಕೆ ಹಾಡು ಬರೆದರು, ಸಿ. ಅಶ್ವತ್ಥ್ ರಾಗ ಹಾಕಿದರು. ಮುತ್ತನಾಗಿದ್ದ ಹುಡುಗ ವಿಜಯ ರಾಘವೇಂದ್ರ ಈಗ ನಡುವಯಸ್ಸಿನ ನಟ. 2020ರಲ್ಲಿ ಕಲಬುರಗಿಯ 85ನೇ ಸಾಹಿತ್ಯ ಸಮ್ಮೇಳನಕ್ಕೆ ಎಚ್ಚೆಸ್ವಿ ಅಧ್ಯಕ್ಷರಾದರು. ಇಷ್ಟಾದರೂ ಹಾಡು ಗೊತ್ತು, ಹೆಸರು ಗೊತ್ತಿಲ್ಲ.

ಇದು ಯಾವಾಗ ಶುರುವಾಯಿತು? ಆಕಾಶವಾಣಿ ಕೇಳಿ ಬೆಳೆದವರು ನೆನಪು ಮಾಡಿಕೊಳ್ಳಿ. ಭಾವಗೀತೆಗೆ ಮೊದಲು ರಚನೆ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳದೆ ಹಾಡು ಹಾಕುತ್ತಿರಲಿಲ್ಲ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ ಆಗಿ ಬಂತು. ಅದರ ಬೆನ್ನಿಗೆ ಎಷ್ಟೊಂದು ಬಂದವು. ಕವರಿನ ಮೇಲೆ ಕವಿಯ ಹೆಸರು ಗಾಯಕರ ಹೆಸರಿನಷ್ಟೇ ದೊಡ್ಡದಾಗಿರುತ್ತಿತ್ತು. ಉಪ್ಪಿನಕಾಯಿ ಬಾಟಲಿಯ ಪಕ್ಕ ಸೂಟ್‌ಕೇಸಿನಲ್ಲಿ ಆ ಕ್ಯಾಸೆಟ್‌ಗಳನ್ನು ಇಲ್ಲಿಗೆ ಹೊತ್ತು ತಂದವರು ನಾವೇ. ಕ್ಯಾಸೆಟ್ ಹೋಗಿ ನೂರು ಹಾಡಿನ ಎಂಪಿ3 ಸಿಡಿ ಬಂತು, ಅದರಲ್ಲಿ ಹಾಡಿಗೆ ನಂಬರ್ ಮಾತ್ರ. ಈಗ ಯೂಟ್ಯೂಬ್, ಕರೋಕೆ. ಅಲ್ಲಿ ಅಪ್‌ಲೋಡ್ ಮಾಡಿದವನ ಹೆಸರೇ ಎಲ್ಲರಿಗಿಂತ ದೊಡ್ಡದು.

ಉಮೇಶ್ ಅವರ ಕತೆ ಇನ್ನೊಂದು ಥರ. ‘ಗೋಲ್‌ಮಾಲ್ ರಾಧಾಕೃಷ್ಣ’ದ ಸೀತಾಪತಿ. “ಅಪಾರ್ಥ ಮಾಡ್ಕೋಬೇಡಿ” ಅನ್ನುವ ಒಂದು ಮಾತು ಕನ್ನಡಿಗರ ಮನೆಮನೆಯಲ್ಲಿ ಇನ್ನೂ ಓಡಾಡುತ್ತಿದೆ. ನಮ್ಮ ಕಮಿಟಿ ಮೀಟಿಂಗ್‌ಗಳಲ್ಲಂತೂ ಅದಿಲ್ಲದೆ ಲೆಕ್ಕಪತ್ರ ಪಾಸಾಗುವುದಿಲ್ಲ. ಅವರು ಹೋದ ಸುದ್ದಿ ಬಂದಾಗ ಎಷ್ಟೋ ಜನ ಫೋಟೋ ನೋಡಿದ ಮೇಲೆ “ಓ, ಅಪಾರ್ಥದವರಾ!” ಅಂದರು. ಪ್ರೀತಿಯೇನೋ ನಿಜ. ಆದರೆ ನಾಲ್ಕು ವರ್ಷದ ಮಗುವಾಗಿ ಹಿರಣ್ಣಯ್ಯನವರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವರು, 1960ರಲ್ಲಿ ಪಂತುಲು ಅವರ ‘ಮಕ್ಕಳ ರಾಜ್ಯ’ದಿಂದ ಸಿನಿಮಾಕ್ಕೆ ಬಂದವರು, ಮುನ್ನೂರಕ್ಕೂ ಹೆಚ್ಚು ಚಿತ್ರ ಮಾಡಿದವರು ಒಂದು ಡೈಲಾಗ್‌ನಲ್ಲಿ ಮುಗಿದುಬಿಟ್ಟರೆ ಹೇಗೆ? ಪುಟ್ಟಣ್ಣನವರ ‘ಕಥಾಸಂಗಮ’ ಹುಡುಕಿ ನೋಡಿ. ಮುನಿತಾಯಿಯ ಕತೆಯಲ್ಲಿ ಆರತಿ ಕಣ್ಣಿಲ್ಲದ ಹೆಣ್ಣು. ಅವಳನ್ನು ಕಾಡುವ ಇಬ್ಬರಲ್ಲಿ ಒಬ್ಬ ಇನ್ನೂ ಹೆಸರು ಮಾಡಿರದ ರಜನಿಕಾಂತ್, ಇನ್ನೊಬ್ಬ ನಮ್ಮ ಉಮೇಶ್. ನಗಿಸುವ ಆ ಮುಖ ನೋಡಿ ಮೈ ಜುಮ್ ಅನ್ನುತ್ತದೆ.

ಉತ್ತರ ಕರ್ನಾಟಕದ ಸದಸ್ಯರು ಕಳಿಸಿದ ಬರಹಗಳೆಲ್ಲ ರಾಜು ತಾಳಿಕೋಟೆ ಅವರ ಮೇಲೆಯೇ. ‘ಕಲಿಯುಗದ ಕುಡುಕ’ ಕ್ಯಾಸೆಟ್ಟು ವಿಜಯಪುರ, ಬಾಗಲಕೋಟೆ ಕಡೆ ಚಹಾದಂಗಡಿಯಲ್ಲಿ, ಟ್ರ್ಯಾಕ್ಸಿನಲ್ಲಿ, ಜಾತ್ರೆಯಲ್ಲಿ ಕೇಳಿಸುತ್ತಿದ್ದ ಕಾಲ. ಒಬ್ಬರು ಬರೆದಿದ್ದಾರೆ: “ನಮ್ಮಪ್ಪ ನಗೂದು ನಾ ಮೊದಲ ನೋಡಿದ್ದ ಆ ಕ್ಯಾಸೆಟ್ ಹಚ್ಚಿದಾಗ.” ಈ ಒಂದು ಸಾಲಿಗೆ ನಾನು ಹತ್ತು ‘ಯುಗಾಂತ್ಯ’ ಬಿಟ್ಟುಕೊಡುತ್ತೇನೆ. ವೃತ್ತಿ ನಾಟಕ ಕಂಪನಿ ನಡೆಸಿದವರು, ಕೊನೆಗೆ ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದವರು. ಬೆಂಗಳೂರಿನ ಕಡೆಯವರಿಗೆ ಅವರ ಪರಿಚಯ ಆದದ್ದು ಸಿನಿಮಾದಿಂದ, ತೀರಾ ತಡವಾಗಿ.

ಹೆಸರು, ಮುಖ ಎರಡೂ ಇಲ್ಲದೆ ಉಳಿದ ಒಂದು ದನಿಯೂ ಇದೆ. ಅಪರ್ಣಾ ಹೋಗಿದ್ದು 2024ರ ಜುಲೈನಲ್ಲಿ, ಇಲ್ಲಿ ನಾವು ಮಧ್ಯಾಹ್ನದ ಡಬ್ಬಿ ತೆಗೆಯುವ ಹೊತ್ತಿಗೆ. ಪುಟ್ಟಣ್ಣನವರ ‘ಮಸಣದ ಹೂವು’ ಚಿತ್ರದ ಹುಡುಗಿ, ಚಂದನ ವಾಹಿನಿಯ ನಿರೂಪಕಿ, ‘ಮಜಾ ಟಾಕೀಸ್’ನ ವರಲಕ್ಷ್ಮಿ. ಕಳೆದ ಬೇಸಗೆಯಲ್ಲಿ ಊರಿಗೆ ಹೋಗಿದ್ದ ಸದಸ್ಯೆಯೊಬ್ಬರು ಬರೆದಿದ್ದಾರೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ‘ಮುಂದಿನ ನಿಲ್ದಾಣ’ ಅಂತ ದನಿ ಬಂದಾಗ ಮಗಳಿಗೆ, “ಇದು ಅಪರ್ಣಾ ಅಂತ, ಈಗಿಲ್ಲ” ಅಂದರಂತೆ. ಮಗಳು ತಿಳಿದಿದ್ದು ಅದು ಕಂಪ್ಯೂಟರ್ ದನಿ ಅಂತ. ಅಷ್ಟು ಸ್ಪಷ್ಟವಾಗಿ ಕನ್ನಡ ಮಾತಾಡಿದರೆ ಈಗಿನ ಮಕ್ಕಳಿಗೆ ಮೆಷಿನ್ ಅನಿಸುತ್ತದೆ, ನೋಡಿ!

ಹೆಸರಿಗೆ ಬರವೇ ಇಲ್ಲದ ಒಬ್ಬರ ವಿಷಯಕ್ಕೂ ಬರುತ್ತೇನೆ. ಅಪ್ಪು. 2021ರ ಅಕ್ಟೋಬರ್ 29. ಹೋಗಿ ನಾಲ್ಕು ವರ್ಷ ದಾಟಿದರೂ ನಮ್ಮ ಸಂಘದಲ್ಲಿ ಪುನೀತ್ ಫೋಟೋ ಇಲ್ಲದ ಕಾರ್ಯಕ್ರಮ ಇಲ್ಲ. ಫೋಟೋಗೆ ನನ್ನದೇನೂ ಅಡ್ಡಿಯಿಲ್ಲ. ಆದರೆ ಅವರ ಅಭಿಮಾನಿಗಳು ಫೋಟೋ ದಾಟಿ ಒಂದು ಕೆಲಸ ಮಾಡಿದರು. ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕ್ ನಾರಾಯಣ ನೇತ್ರಾಲಯದಲ್ಲಿ ಶುರುವಾದದ್ದು 1994ರಲ್ಲಿ. 2006ರಲ್ಲಿ ಅಣ್ಣಾವ್ರು ಹೋದಾಗ ಅವರ ಕಣ್ಣು ಇಬ್ಬರಿಗೆ ಸಿಕ್ಕವು. ಅಪ್ಪು ಕಣ್ಣು ಸಿಕ್ಕಿದ್ದು ನಾಲ್ಕು ಜನಕ್ಕೆ. ಹೇಗೆ ಅಂದರೆ, ಒಂದೊಂದು ಕಾರ್ನಿಯಾವನ್ನೂ ಪದರ ಬಿಡಿಸಿ ಎರಡು ಮಾಡಿದರು. ಮುಂದಿನ ಪದರ ಕೆಟ್ಟವರಿಗೆ ಮುಂದಿನದು, ಒಳಪದರ ಕೆಟ್ಟವರಿಗೆ ಒಳಗಿನದು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. 2006ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವಗಳು ಹೋಗಿದ್ದವು. ಅದನ್ನು ಕಂಡವರಿಗೆ 2021ರ ಈ ಸಾಲು ನೋಡಿ ಸಮಾಧಾನ ಆಗಿರಬೇಕು. ಜುಲೈನಲ್ಲಿ ಸರೋಜಾದೇವಿಯವರ ಕಣ್ಣೂ ದಾನವಾದವು. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಡೋನರ್ ಆಗುತ್ತೀರಾ ಅಂತ ಕೇಳುತ್ತಾರಲ್ಲ, ಅಲ್ಲಿ ಯಾವಾಗಲೂ ಬೇಡ ಅನ್ನುತ್ತಿದ್ದ ನಮ್ಮ ಸದಸ್ಯರೊಬ್ಬರು ಅಪ್ಪು ಹೋದ ಮೇಲೆ ಹೂಂ ಅಂದರಂತೆ.

ಸರೋಜಾದೇವಿಯವರ ಬಗ್ಗೆ ಇನ್ನೊಂದು ಮಾತು. ಅವರು ಹೋದ ಮಾರನೆಯ ದಿನ ಪಕ್ಕದ ಬೀದಿಯ ತಮಿಳು ಅಜ್ಜಿಯೊಬ್ಬರು ವಾಕಿಂಗ್‌ನಲ್ಲಿ ಸಿಕ್ಕಿ, ನಮ್ಮ ಮನೆಯವರೇ ಹೋದರೇನೋ ಅನ್ನುವ ಹಾಗೆ ನನಗೆ ಸಂತಾಪ ಹೇಳಿದರು. ತಮಿಳರಿಗೆ ಅವರು ಕನ್ನಡದ ಗಿಳಿ. ನಾನು ‘ಕಿತ್ತೂರು ಚೆನ್ನಮ್ಮ’ ಅಂದೆ, ಅವರು ‘ನಾಡೋಡಿ ಮನ್ನನ್’ ಅಂದರು. ಇಬ್ಬರ ಕಣ್ಣಲ್ಲೂ ನೀರು ಬಂದದ್ದು ಒಬ್ಬರೇ ಹೆಂಗಸಿಗೆ.

ಇನ್ನು ಭೈರಪ್ಪ. ಈ ಸಂಚಿಕೆಗೆ ಅತಿ ಹೆಚ್ಚು ಬರಹ ಬಂದದ್ದು ಅವರ ಮೇಲೆ, ಅತಿ ಹೆಚ್ಚು ಜಗಳ ಬಂದದ್ದೂ ಅವರ ಮೇಲೆಯೇ. ಹಾಸನದ ಕಡೆಯ ಸದಸ್ಯೆಯೊಬ್ಬರು ‘ಗೃಹಭಂಗ’ದ ನಂಜಮ್ಮನನ್ನು ಬರೆದಿದ್ದಾರೆ. ಗಂಡ ಶಾನುಭೋಗ, ಲೆಕ್ಕ ಬರೆಯುವವಳು ಇವಳು. ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ತುಂಬಿಸಿ, ಕೊನೆಗೆ ಪ್ಲೇಗಿಗೆ ಹೋದವಳು. ಈ ಸದಸ್ಯೆಯ ಅಜ್ಜಿಯೂ ಎಲೆ ಹಚ್ಚುತ್ತಿದ್ದರಂತೆ. ಒಣಗಿದ ಎಲೆಗೆ ನೀರು ಚಿಮುಕಿಸಿ, ಮಡಿಲಲ್ಲಿ ಕಡ್ಡಿಯ ಕಟ್ಟು ಇಟ್ಟುಕೊಂಡು, ಮಾತಾಡುತ್ತಲೇ ಕೈ ಓಡಿಸುವುದು. ಕಾದಂಬರಿ ಓದುವ ತನಕ ಅದು ದುಡಿಮೆ ಅಂತ ತನಗೆ ಹೊಳೆದೇ ಇರಲಿಲ್ಲ, ಹೊತ್ತು ಕಳೆಯುವ ಕೆಲಸ ಅಂದುಕೊಂಡಿದ್ದೆ ಅಂತ ಬರೆದಿದ್ದಾರೆ. ಪುಟ 11ರಲ್ಲಿ ಇದೆ, ದಯವಿಟ್ಟು ಓದಿ.

ಇನ್ನೊಬ್ಬರು ‘ಪರ್ವ’ ಓದಿ ಮಹಾಭಾರತದ ಮೇಲಿನ ಭಕ್ತಿ ಹೋಯಿತು, ಪ್ರೀತಿ ಹುಟ್ಟಿತು ಅಂದಿದ್ದಾರೆ. ಮತ್ತೊಬ್ಬರು 2007ರ ‘ಆವರಣ’ದ ನಂತರ ಅವರನ್ನು ಓದುವುದನ್ನೇ ಬಿಟ್ಟೆ, ಯಾಕೆ ಅಂತ ಬರೆಯುತ್ತೇನೆ, ಹಾಕುವ ಧೈರ್ಯ ಇದೆಯಾ ಅಂತ ಕೇಳಿದರು. ಹಾಕಿದ್ದೇವೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅಂತ ಕಮಿಟಿಯಲ್ಲಿ ಆಕ್ಷೇಪ ಬಂತು. ಆದರೆ ಯಾರ ಮರ್ಜಿಗೂ ಕಾಯದೆ ತಮಗೆ ಕಂಡದ್ದನ್ನು ಬರೆದ ಲೇಖಕನ ಮೇಲೆ ಬರೀ ಜೈಕಾರ ಹಾಕುವುದು ಅವರಿಗೇ ಒಪ್ಪಿಗೆಯಾಗುತ್ತಿತ್ತು ಅಂತ ನನಗನಿಸುವುದಿಲ್ಲ. ಅವರ ಕಾದಂಬರಿ ‘ವಂಶವೃಕ್ಷ’ವನ್ನು ಬಿ.ವಿ. ಕಾರಂತರ ಜೊತೆ ಸೇರಿ ಸಿನಿಮಾ ಮಾಡಿದ್ದ ಗಿರೀಶ ಕಾರ್ನಾಡರು ಮುಂದೆ ಭೈರಪ್ಪನವರೊಡನೆ ಪತ್ರಿಕೆಯಲ್ಲಿ ಬಹಿರಂಗವಾಗಿ ಜಗಳವಾಡಿದರು. ಅದೇ ಕಾರ್ನಾಡರು 2019ರಲ್ಲಿ ಹೋದಾಗ ಅವರ ಇಷ್ಟದಂತೆ ಹೂವಿಲ್ಲ, ಸರ್ಕಾರಿ ಗೌರವ ಇಲ್ಲ, ಮೆರವಣಿಗೆ ಇಲ್ಲ. ಇಬ್ಬರ ಅಭಿಮಾನಿಗಳೂ ನಮ್ಮ ಸಂಘದಲ್ಲಿದ್ದಾರೆ. ಒಂದು ಮನೆಯಲ್ಲಂತೂ ಗಂಡ ಒಂದು ಪಕ್ಷ, ಹೆಂಡತಿ ಒಂದು ಪಕ್ಷ.

ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಭೈರಪ್ಪನವರು ಹೋದ ದಿನ ಸಂಜೆಯೊಳಗೆ ಅವರ ಒಂದಷ್ಟು ಕಾದಂಬರಿಗಳ ಪಿಡಿಎಫ್ ನಮ್ಮ ಗ್ರೂಪ್‌ಗಳಲ್ಲಿ ಬಂದು ಬಿತ್ತು. ಯಾರೋ ಪುಟಪುಟ ಸ್ಕ್ಯಾನ್ ಮಾಡಿದ್ದು. ಮೇಲೆ ‘ಶ್ರದ್ಧಾಂಜಲಿ’ ಅಂತ ಬೇರೆ! ನೂರಾರು ಡಾಲರ್ ಕೊಟ್ಟು ಸಂಗೀತ ಸಂಜೆಯ ಮುಂದಿನ ಸಾಲಿನಲ್ಲಿ ಕೂರುವ ನಾವು ಕಾದಂಬರಿಯನ್ನು ಮಾತ್ರ ಪುಕ್ಕಟೆ ಓದಬೇಕಾ? ಲೇಖಕರು ಹೋದ ಮೇಲೂ 60 ವರ್ಷ ಪುಸ್ತಕದ ಹಕ್ಕು ಅವರ ಕಡೆಯವರದು ಅನ್ನುತ್ತದೆ ಭಾರತದ ಕಾನೂನು. ಕಾನೂನು ಬಿಡಿ. ಕನ್ನಡ ಪುಸ್ತಕ ಮಾರುವ ವೆಬ್‌ಸೈಟ್‌ಗಳಿವೆ, ಆಡಿಯೋ ಪುಸ್ತಕ ಇವೆ, ಊರಿಂದ ಬರುವವರ ಸೂಟ್‌ಕೇಸ್ ಇದೆ.

ಕಮಿಟಿಯ ಮುಂದೆ ನಾನು ಇಟ್ಟಿರುವ ಬೇಡಿಕೆ ಚಿಕ್ಕದು. ಯುಗಾದಿ ಕಾರ್ಯಕ್ರಮದಿಂದ ಹಾಳೆಯಲ್ಲಿ ಪ್ರತಿ ಹಾಡಿನ ಪಕ್ಕ ಬರೆದವರ ಹೆಸರು, ರಾಗ ಹಾಕಿದವರ ಹೆಸರು ಅಚ್ಚಾಗಬೇಕು. ನಿರೂಪಕರು ಅದನ್ನು ಓದಿ ಹೇಳಬೇಕು. ನಾಟಕವಾದರೆ ನಾಟಕಕಾರರ ಹೆಸರು. ಸಮಯ ಸಾಲುವುದಿಲ್ಲ ಅನ್ನುವವರಿಗೆ ಒಂದು ಉಪಾಯ: ಸ್ಪಾನ್ಸರ್‌ಗಳ ಸ್ಲೈಡು ಒಂದು ಸುತ್ತು ಕಡಿಮೆ ಓಡಿಸಿ. ಹೆಸರು ಗೊತ್ತಾಗದ ಹಾಡಿದ್ದರೆ ನನಗೆ ಮೊದಲೇ ತಿಳಿಸಿ, ಹುಡುಕೋಣ. ಸಿಗುತ್ತದೆ. ನಮ್ಮಲ್ಲಿ ಹಳೆಯ ಕ್ಯಾಸೆಟ್ ಇನ್ನೂ ಎಸೆಯದ ಮನೆಗಳು ಬೇಕಾದಷ್ಟಿವೆ.

ನುಡಿನಮನ ಪುಟ ಯುಗಾದಿ ಸಂಚಿಕೆಯಲ್ಲೂ ಮುಂದುವರಿಯುತ್ತದೆ. ನಾ. ಡಿಸೋಜ ಅವರ ಮೇಲೆ ಒಂದೇ ಬರಹ ಬಂದಿದೆ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ ಮುಳುಗಿದವರ ಕತೆ ಬರೆದವರು ಅವರು, ‘ದ್ವೀಪ’ ಅವರದು. ಸಾಗರ, ಹೊಸನಗರದ ಕಡೆಯವರು ನಮ್ಮಲ್ಲಿ ಜಾಸ್ತಿಯೇ ಇದ್ದೀರಿ, ಕಳಿಸಿ. ಸರದೇಶಪಾಂಡೆ ಅವರ ‘ಆಲ್ ದಿ ಬೆಸ್ಟ್’ ನೋಡಿ ಹೊಟ್ಟೆ ಹುಣ್ಣಾಗಿಸಿಕೊಂಡವರೂ ಬರೆಯಿರಿ. ಹುಟ್ಟಿದ ತಾರೀಕು, ಪ್ರಶಸ್ತಿಗಳ ಪಟ್ಟಿ ನಾವು ಹುಡುಕಿಕೊಳ್ಳುತ್ತೇವೆ. ಯಾವ ಪುಸ್ತಕ, ಯಾವ ದೃಶ್ಯ, ಎಲ್ಲಿ ಕೂತು ನೋಡಿದಿರಿ, ಜೊತೆಗೆ ಯಾರಿದ್ದರು, ಅಷ್ಟು ಸಾಕು. ಕನ್ನಡ ಟೈಪಿಂಗ್ ಬರದವರು ಹಾಳೆಯ ಮೇಲೆ ಬರೆದು ಫೋಟೋ ತೆಗೆದು ಕಳಿಸಿ, ಟೈಪ್ ಮಾಡಿಕೊಡಲು ಇಬ್ಬರು ಕಾಲೇಜು ಹುಡುಗರು ಸಿಕ್ಕಿದ್ದಾರೆ. ನಿಮ್ಮ ಅಕ್ಷರ ಬ್ರಹ್ಮಲಿಪಿ ಆದರೂ ಪರವಾಗಿಲ್ಲ, ಅವರ ಅಜ್ಜಿಯರು ಪಕ್ಕದಲ್ಲಿ ಕೂತು ಓದಿ ಹೇಳಲು ಒಪ್ಪಿದ್ದಾರೆ.