ಹೆಸರು ತೆಗೆದರೆ ಮುಗಿಯಿತೇ?

ಮಾನ್ಯರೇ,

ನಿದ್ರೆ ಮತ್ತು ಮೊಬೈಲ್ ಬಳಕೆಯ ಅಧ್ಯಯನಕ್ಕೆಂದು ಸ್ವಯಂಸೇವಕರಿಂದ ಪಡೆದ ಮಾಹಿತಿಯನ್ನು ಬೇರೊಂದು ಸಂಸ್ಥೆಗೆ ದಾಟಿಸಿದ ಸುದ್ದಿಯನ್ನು ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಆ ಸ್ವಯಂಸೇವಕರಲ್ಲಿ ನಾನೂ ಒಬ್ಬಳು. ‘ಹೆಸರು ತೆಗೆದೇ ಕೊಟ್ಟಿದ್ದೇವೆ, ಯಾರಿಗೂ ತೊಂದರೆಯಿಲ್ಲ’ ಎಂಬ ಸಂಯೋಜಕರ ಮಾತು ಕಂಡು ಮೈ ಉರಿಯಿತು.

ಅಮ್ಮನ ಕಾಯಿಲೆಯ ನಂತರ ನನ್ನ ನಿದ್ದೆ ಕೆಟ್ಟಿತ್ತು. ನನ್ನ ರಾತ್ರಿಗಳು ಹೇಗೆ ಕಳೆಯುತ್ತಿವೆ ಎಂದು ನನಗೇ ತಿಳಿಯಬೇಕಿತ್ತು. ದಿನಚರಿಯ ನಕ್ಷೆಯನ್ನು ನನಗೂ ಕೊಡುತ್ತೇವೆ ಎಂದಿದ್ದಕ್ಕೇ ಒಪ್ಪಿದೆ. ಮೊದಲ ನಕ್ಷೆ ನಿಜಕ್ಕೂ ಕಣ್ಣು ತೆರೆಸಿತು. ರಾತ್ರಿ ಎರಡರಿಂದ ಮೂರರ ನಡುವೆ ಪರದೆ ಬೆಳಗಿದ ಗೆರೆಗಳು ಒತ್ತೊತ್ತಾಗಿ ನಿಂತಿದ್ದವು; ಅಮ್ಮನಿಗೆ ಔಷಧಿ ಕೊಡಲು ಏಳುತ್ತಿದ್ದ ಹೊತ್ತು ಅದು. ಆಮೇಲೆ ನಕ್ಷೆ ಬರುವುದೇ ನಿಂತುಹೋಯಿತು. ಕೇಳಿದರೆ ಒಂದು ಕಡತ ಕಳುಹಿಸಿದರು. ಅದರಲ್ಲಿ ಸಮಯವೆಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಸ್ಥಳವೆಂದರೆ ಅಕ್ಷಾಂಶವನ್ನು ಒಂದು ಕೋಟಿಯಿಂದ ಗುಣಿಸಿದ ಅಂಕಿ. ಇದನ್ನು ನೋಡಿ ಯಾರು ತಮ್ಮ ಬದುಕನ್ನು ಅರಿತುಕೊಳ್ಳಬೇಕು?

ಅಧ್ಯಯನದಿಂದ ಹೊರಬರಲು ಒತ್ತಬೇಕಾದ ಕೊಂಡಿ ಕೆಲಸ ಮಾಡುವುದಿಲ್ಲ. ಸಹಾಯವಾಣಿಯವರು ಕಚೇರಿಗೆ ಹೋಗಿ ಎನ್ನುತ್ತಾರೆ, ಕಚೇರಿಯವರು ಮಿಂಚಂಚೆ ಕಳುಹಿಸಿ ಎನ್ನುತ್ತಾರೆ. ರಜೆ ಹಾಕಿ ಹೋದರೆ ಸಾಹೇಬರು ಸಭೆಯಲ್ಲಿ! ನಾನೇ ಸಹಿ ಮಾಡಿದ ಒಪ್ಪಿಗೆ ಪತ್ರದ ಪ್ರತಿ ನನಗೆ ಸಿಗುವುದಿಲ್ಲವಂತೆ.

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ ಎಂಬುದು ಸಂಶೋಧಕರಿಗೆ ಗೊತ್ತಿಲ್ಲದ್ದೇನಲ್ಲ. 2006ರಲ್ಲಿ ಎಒಎಲ್ ಎಂಬ ಅಮೆರಿಕದ ಅಂತರ್ಜಾಲ ಕಂಪನಿಯು ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟದ ಪದಗಳನ್ನು ಹೆಸರಿನ ಬದಲು ಸಂಖ್ಯೆ ಹಾಕಿ ಹೊರಬಿಟ್ಟಿತ್ತು. ಕೆಲವೇ ದಿನಗಳಲ್ಲಿ ಪತ್ರಕರ್ತರು ಆ ಪದಗಳ ಜಾಡು ಹಿಡಿದು ಒಬ್ಬ ವೃದ್ಧೆಯ ಮನೆ ಬಾಗಿಲಿಗೇ ಹೋದರು. 15 ಲಕ್ಷ ಜನರ ಮೊಬೈಲ್ ಓಡಾಟವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವಂತೂ, ಎಲ್ಲಿ, ಯಾವಾಗ ಇದ್ದರು ಎಂಬ ನಾಲ್ಕೇ ಬಿಂದುಗಳು ಸಿಕ್ಕರೆ ಶೇ 95ರಷ್ಟು ಜನರನ್ನು ಬೇರ್ಪಡಿಸಿ ಗುರುತಿಸಬಹುದು ಎಂದಿತು. ನನ್ನ ಮನೆ, ಕಚೇರಿ, ಅಮ್ಮನಿದ್ದ ಆಸ್ಪತ್ರೆ ಎಲ್ಲವೂ ಆ ಕಡತದಲ್ಲಿವೆ. ಇನ್ನು ಹೆಸರು ಯಾತಕ್ಕೆ ಬೇಕು?

ಅಧಿಕಾರಿಗಳದ್ದೂ ಇದೇ ಚಾಳಿ. ಹಿಂದೊಮ್ಮೆ ಸಮೀಕ್ಷೆಗೆಂದು ಮನೆಗೆ ಬಂದು ದೂರವಾಣಿ ಸಂಖ್ಯೆ ಬರೆದುಕೊಂಡರು. ಅದಾದ ಮೇಲೆ ಸಾಲ ಬೇಕೇ ಎನ್ನುವ ಕರೆಗಳು ಇವತ್ತಿಗೂ ನಿಂತಿಲ್ಲ. ಕೊಟ್ಟ ದೂರು ಯಾವ ಮೇಜಿನ ಕೆಳಗೆ ಬಿದ್ದಿದೆಯೋ. ಈ ಅಧ್ಯಯನಕ್ಕೆ ಅನುಮತಿ ಕೊಟ್ಟ ನೈತಿಕ ಸಮಿತಿಯಾದರೂ ಒಮ್ಮೆ ಸ್ವಯಂಸೇವಕರನ್ನು ಮಾತನಾಡಿಸಿದೆಯೇ?

ನನ್ನ ಮಾಹಿತಿಯನ್ನು ಓದಲು ಬರುವಂತೆ ನನಗೆ ಕೊಡಲಿ, ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ಅಳಿಸಲಿ. ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಲಿ. ಕೇಳಿದವರಿಗೆ ಉತ್ತರ ಕೊಡುವ ಸೌಜನ್ಯವಿಲ್ಲದವರು ಸಂಶೋಧನೆಯ ಹೆಸರಿನಲ್ಲಿ ಜನರ ಮೊಬೈಲಿಗೆ ಕೈ ಹಾಕಬಾರದು.

– ನೊಂದ ಓದುಗಾರ್ತಿ