ಕೈಗೆಲಸ ನಿಲ್ಲದಂತೆ ನೋಡಿಕೊಂಡವರಿಗೆ

ಶ್ರಾವಣ ಹುಟ್ಟಿದ ಮೇಲೆ ಸಾಗರದಲ್ಲಿ ನನ್ನ ತಂಗಿಯ ಮಗಳ ಮದುವೆ ಸಾಂಗವಾಗಿ ನೆರವೇರಿತು. ಮದುವೆಗೆ ಒಪ್ಪಿಕೊಂಡಿದ್ದ ಆರತಿ ತಟ್ಟೆಗಳು, ಬಾಗಿಲಿನ ಮಣಿತೋರಣ, ತಮ್ಮನ ಮಗುವಿನ ನಾಮಕರಣಕ್ಕೆಂದು ಹಿಡಿದಿದ್ದ ಸ್ವೆಟರ್ ಮತ್ತು ಕುಲಾವಿ, ಎಲ್ಲವೂ ಹೇಳಿದ ಹೊತ್ತಿಗೆ ಸೇರಬೇಕಾದವರ ಕೈ ಸೇರಿದವು. ನಮ್ಮ ಯಜಮಾನರೂ ಮಂಟಪದ ಮುಂದೆ ಕುಳಿತು ಅಕ್ಷತೆ ಹಾಕಿದರು. ಆಷಾಢದಲ್ಲಿ ಅವರು ಆಸ್ಪತ್ರೆ ಸೇರಿ ನಮ್ಮ ಮನೆಗೆ ಬಂದೊದಗಿದ ಕಷ್ಟ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಆದರೆ ಆ ದಿನಗಳಲ್ಲಿ ನೆರವಾದವರನ್ನು ನೆನೆಯದೆ ಹೊಸ ಕೆಲಸ ಕೈಗೆತ್ತಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.

ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ ಒಂದೇ ಲಾಟಿನ, ಅಂದರೆ ಒಟ್ಟಿಗೇ ಬಣ್ಣ ಹಾಕಿದ, ಉಲ್ಲನ್ ಲಡಿಗಳನ್ನು ನನಗಾಗಿ ತೆಗೆದಿರಿಸಿದ ಶಿವಮೊಗ್ಗದ ಅಂಗಡಿಯವರಿಗೆ, ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಗಳಲ್ಲಿ ಅಲೆದು ಮಾದರಿಗೆ ಸರಿಹೊಂದುವ ಮಣಿಗಳನ್ನು ಹುಡುಕಿ ತಂದ ಸೋದರಳಿಯನಿಗೆ, ಬೆಂಡಿನ ಬಾಸಿಂಗದ ಹೊಣೆಯನ್ನು ತಾವೇ ಹೊತ್ತ ನಮ್ಮೂರಿನ ಗುಡಿಗಾರ ಕುಟುಂಬಕ್ಕೆ, ಮನೆಯವರೆಲ್ಲರ ಊಟ ನೋಡಿಕೊಂಡ ನಾದಿನಿಗೆ ನಾನು ಋಣಿ.

ಇನ್ನುಳಿದ ಮಾತೆಲ್ಲ ಪಕ್ಕದ ಮನೆಯ ಅಕ್ಕನನ್ನು ಕುರಿತದ್ದು. ಹೆಸರು ಬರೆಯಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಅಕ್ಕ ಎಂದಷ್ಟೇ ಬರೆಯುತ್ತೇನೆ.

ನೋಡಲು ಬಂದವರೆಲ್ಲ ಪ್ರೀತಿಯಿಂದಲೇ "ಕೈಗೆಲಸವನ್ನೆಲ್ಲ ಈಗ ಕಟ್ಟಿಡು" ಎಂದರು. ಅಕ್ಕ ಹಾಗೆನ್ನದೆ, ಯಾವ ಕೆಲಸ ಎಲ್ಲಿ ಕುಳಿತರೆ ಸಾಗುತ್ತದೆ ಎಂದು ಕೇಳಿದರು. ಇಷ್ಟು ವರ್ಷ ಮೂರು ನಾಲ್ಕು ಕೆಲಸಗಳನ್ನು ಒಟ್ಟಿಗೆ ಹಿಡಿದು ನಡೆಸಿಕೊಂಡು ಬಂದಿದ್ದರೂ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಹೆಣಿಗೆಯನ್ನು ಒಂದು ಸಾಲು ಮುಗಿದಲ್ಲಿ ನಿಲ್ಲಿಸಿ ಚೀಲಕ್ಕೆ ಹಾಕಬಹುದು. ಕಣ್ಣು ವಾರ್ಡಿನ ಬಾಗಿಲಿನ ಮೇಲಿದ್ದರೂ ಕೈ ನಡೆಯುತ್ತದೆ. ಮಣಿಯ ಕೆಲಸ ಹಾಗಲ್ಲ. 11ನೇ ನಂಬರಿನ ಮಣಿ ಸುಮಾರು 2 ಮಿ.ಮೀ. ಗಾತ್ರದ್ದು, ಅದನ್ನು ಪೋಣಿಸಲು ಹಗಲಿನ ಬೆಳಕು ಬೇಕು, ಅಲುಗದ ಮಣೆ ಬೇಕು, ಲೆಕ್ಕದಲ್ಲಿ ನಿಲ್ಲುವ ಮನಸ್ಸು ಬೇಕು, ಏಕೆಂದರೆ ಒಂದು ಸಾಲಿನಲ್ಲಿ ಒಂದೇ ಒಂದು ಮಣಿ ಹೆಚ್ಚಾದರೂ ಅಲ್ಲಿಂದ ಮುಂದಿನ ಹೂಬಳ್ಳಿಯೆಲ್ಲ ಓರೆಯಾಗುತ್ತದೆ. ಆರತಿ ತಟ್ಟೆಯ ಕ್ವಿಲ್ಲಿಂಗ್‌ಗೆ 3 ಮಿ.ಮೀ. ಅಗಲದ ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಅಂಟಿಸಬೇಕು. ಅಂಟು ಒಣಗುವ ಬಿಡುವಿನಲ್ಲಿ ಬೇರೆ ಕೆಲಸ ಮಾಡಬಹುದಾದರೂ ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಕಾಗದ ಮೆತ್ತಗಾಗಿ ದಳಗಳು ಸೊರಗಿಬಿಡುತ್ತವೆ.

ಇದಿಷ್ಟನ್ನೂ ಕೇಳಿಸಿಕೊಂಡ ಅಕ್ಕ ಹೆಣಿಗೆಯ ಚೀಲವನ್ನು ಆಸ್ಪತ್ರೆಗೆ ಹೊರಡಿಸಿದರು. ಮಣಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಿ, ನಾನು ಸ್ನಾನಕ್ಕೆಂದು ಮನೆಗೆ ಬರುವ ಬೆಳಗಿನ ಹೊತ್ತಿಗೆ ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲೆ ಸಿದ್ಧವಾಗಿಡುತ್ತಿದ್ದರು. ಅರ್ಧವಾಗಿದ್ದ ತಟ್ಟೆಗಳನ್ನು ತಮ್ಮ ಮನೆಗೆ ಒಯ್ದು, ಬಚ್ಚಲೊಲೆಯ ಗೋಡೆಯ ಆಚೆ ಬದಿಗೆ ತಾಗಿರುವ ಬೀರುವಿನಲ್ಲಿ ಇಟ್ಟರು. ಹೊರಗೆ ಬಟ್ಟೆ ವಾರಗಟ್ಟಲೆ ಒಣಗದ ಆ ದಿನಗಳಲ್ಲಿ ಒಂದು ದಳವೂ ಸೊರಗಲಿಲ್ಲ.

ವೈದ್ಯರು ಬೆಳಗಿನ ತನಕ ಏನನ್ನೂ ಹೇಳಲಾಗದು ಎಂದ ರಾತ್ರಿ ತೀವ್ರ ನಿಗಾ ಘಟಕದ ಹೊರಗೆ ನನ್ನೊಡನೆ ಉಳಿದವರು ಅಕ್ಕ ಒಬ್ಬರೇ. ಬೆರಳು ನಡುಗಿ ಕುಣಿಕೆಗಳು ಒಂದಾದ ಮೇಲೊಂದು ಕಡ್ಡಿಯಿಂದ ಜಾರುತ್ತಿದ್ದವು. ಅವರು ಕಡ್ಡಿಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಚೀಲದಲ್ಲಿದ್ದ ಹೊಸ ಲಡಿಯೊಂದನ್ನು ಬಿಡಿಸಿ ತಮ್ಮ ಎರಡೂ ಮಣಿಕಟ್ಟುಗಳಿಗೆ ಹಾಕಿಕೊಂಡು, ಎದುರಿಗೆ ಕುಳಿತು "ಸುತ್ತು" ಎಂದರು. ನಾನು ಉಂಡೆ ಸುತ್ತತೊಡಗಿದೆ. ನೂಲು ಸಲೀಸಾಗಿ ಬಿಟ್ಟುಕೊಳ್ಳಲೆಂದು ಅವರು ಒಮ್ಮೆ ಎಡಗೈಯನ್ನು, ಒಮ್ಮೆ ಬಲಗೈಯನ್ನು ಬಾಗಿಸುತ್ತಿದ್ದರು. ಇದ್ದ ಲಡಿಗಳೆಲ್ಲ ಮುಗಿದಾಗಲೂ ಬೆಳಗಾಗಿರಲಿಲ್ಲ. ಸುತ್ತಿದ ಉಂಡೆಯನ್ನೇ ಬಿಚ್ಚಿಸಿ, ಮತ್ತೆ ತಮ್ಮ ಕೈಗೆ ಲಡಿಯಾಗಿ ಹಾಕಿಸಿಕೊಂಡರು.

ಆ ರಾತ್ರಿ ದೇವರನ್ನು ಬೇಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಇನ್ನು ಮುಂದೆ ಆ ಮನೆಗೆ ನಾನೊಬ್ಬಳೇ ಹೋಗಬೇಕೇನೋ ಎಂಬ ಭಯ ಗಂಟಲನ್ನು ಹಿಸುಕುತ್ತಿತ್ತು, ಅಷ್ಟು ಜನ ಓಡಾಡುವ ಜಾಗದಲ್ಲಿ ನಾಚಿಕೆ ಬಿಟ್ಟು ಗಟ್ಟಿಯಾಗಿ ಅತ್ತೆ. ಎಲ್ಲ ಸರಿಹೋಗುತ್ತದೆ ಎಂದು ಅಕ್ಕ ಹೇಳಲಿಲ್ಲ. ಸಂಧಿವಾತದ ಆ ಕೈಗಳನ್ನು ಇಳಿಸಲೂ ಇಲ್ಲ. ನನ್ನ ಅಳು ನಿಂತ ಮೇಲೆ ಮತ್ತೆ "ಸುತ್ತು" ಎಂದರು.

ಆ ನೂಲಿನಲ್ಲೇ 10ನೇ ನಂಬರಿನ ಕಡ್ಡಿಗಳಲ್ಲಿ ಮಗುವಿನ ಸ್ವೆಟರ್ ಮುಗಿಯಿತು. ಅದನ್ನು ತೊಡಿಸಿದ ದಿನ ತಮ್ಮನ ಹೆಂಡತಿ ಅಕ್ಕನನ್ನು ಕರೆದು ಮಗುವನ್ನು ಅವರ ಮಡಿಲಲ್ಲೇ ಮೊದಲು ಮಲಗಿಸಿದಳು. ಹಾಗೆ ಮಾಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ಅವಳಿಗೇ ತೋಚಿತು. ಅದಕ್ಕೂ ಕೃತಜ್ಞಳಾಗಿದ್ದೇನೆ.

ತೋರಣಕ್ಕೆ ಹೇಳಿ ಕಾಯುತ್ತಿರುವವರು ಒಬ್ಬರೂ ಅವಸರಿಸಲಿಲ್ಲ, ಆ ಸೈರಣೆಗೆ ನಮಸ್ಕಾರ. ಗೌರಿ ಹಬ್ಬದ ಹೊತ್ತಿಗೆ ಅವು ಮುಗಿಯಲಾರವು; ದೀಪಾವಳಿಗೆ ಖಂಡಿತ ನಿಮ್ಮ ಬಾಗಿಲಲ್ಲಿರುತ್ತವೆ. ಉಳಿದ ಉಲ್ಲನ್‌ನಿಂದ ಆಸ್ಪತ್ರೆಯಲ್ಲಿ ಹುಟ್ಟುವ ಮಕ್ಕಳಿಗಾಗಿ ಕುಲಾವಿಗಳನ್ನು ಹೆಣೆಯಲು ತೊಡಗಿದ್ದೇನೆ. ಮಧ್ಯಾಹ್ನ ಅಕ್ಕನೂ ಬಂದು ಹೆಣಿಗೆ ಕಲಿಯುತ್ತಿದ್ದಾರೆ. ಬಿಡುವಿರುವವರು ನೀವೂ ಬನ್ನಿ, ಕಡ್ಡಿಗಳೂ ನೂಲೂ ಮನೆಯಲ್ಲಿವೆ.