ಚೀನಾ ರಾಜನ ಕೇಸು, ನಮ್ಮ ಮಕ್ಕಳ ತೀರ್ಪು

ಮಾನ್ಯ ಸಂಪಾದಕರೇ,

ನಮ್ಮ ಏರಿಯಾದ ಒಂದು ಹೈಸ್ಕೂಲಲ್ಲಿ ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಮಕ್ಕಳ ಕೈಲಿ ಒಂದು ಕೋರ್ಟ್ ನಡೆಸಿದ್ರು. ಆರೋಪಿ ಯಾರು ಅಂದ್ರೆ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್, ಕ್ರಿ.ಪೂ. 210ರಲ್ಲೇ ಸತ್ತು ಹೋದವನು. ಇಷ್ಟಕ್ಕೇ ಪೇರೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ರಂಪ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಇದೆ, ಇದು ಯಾವ ಪೇಪರಲ್ಲಿ ಬರುತ್ತೆ ಅಂತ ಒಬ್ಬರು. ನಮ್ಮ ಪುಲಕೇಶಿ, ಕೃಷ್ಣದೇವರಾಯ ಇರೋವಾಗ ಚೀನಾದವನ ಉಸಾಬರಿ ಯಾಕೆ ಅಂತ ಇನ್ನೊಬ್ಬರು. ಹದಿನಾಲ್ಕು ವರ್ಷದ ಮಕ್ಕಳಿಗೆ ಚಕ್ರವರ್ತಿಗಳನ್ನ ಜಡ್ಜ್ ಮಾಡೋ ಯೋಗ್ಯತೆ ಏನಿದೆ ಅಂತ ಮತ್ತೊಬ್ಬರು, ಅದಕ್ಕೆ ಸಾಲುಸಾಲು ಹೆಬ್ಬೆಟ್ಟಿನ ಎಮೋಜಿ. ಮೊದಲನೇ ಎರಡು ಮಾತು ಹಾಗಿರ್ಲಿ, ಈ ಮೂರನೇ ಮಾತಿಗೆ ಉತ್ತರ ಕೊಡ್ಬೇಕು ಅಂತಾನೇ ಈ ಪತ್ರ. ನಾನು ಸಮಾಜ ವಿಜ್ಞಾನ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು, ಆ ದಿನ ಹಿಂದಿನ ಬೆಂಚಲ್ಲಿ ಕೂತು ಎಲ್ಲಾ ಕೇಳಿಸ್ಕೊಂಡಿದೀನಿ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಹದಿಮೂರನೇ ವಯಸ್ಸಿಗೆ, ಕ್ರಿ.ಪೂ. 246ರಲ್ಲಿ ಚಿನ್ ಅನ್ನೋ ರಾಜ್ಯದ ಪಟ್ಟಕ್ಕೆ ಬಂದ ಹುಡುಗ, ಉಳಿದ ಆರು ರಾಜ್ಯಗಳನ್ನ ಒಂದೊಂದಾಗಿ ನುಂಗಿ ಕ್ರಿ.ಪೂ. 221ರಲ್ಲಿ ಇಡೀ ದೇಶ ಒಂದು ಮಾಡಿದ. ತೂಕ, ಅಳತೆ, ನಾಣ್ಯ, ಲಿಪಿ ಎಲ್ಲಾ ಒಂದೇ, ಗಾಡಿ ಅಚ್ಚಿನ ಅಗಲ ಕೂಡ ಒಂದೇ. ಪಾಳೇಗಾರಿಕೆ ತೆಗೆದು 36 ಪ್ರಾಂತ್ಯ ಮಾಡಿ ತಾನೇ ಅಧಿಕಾರಿಗಳನ್ನ ನೇಮಿಸಿದ. ಅದೇ ಮನುಷ್ಯ ಪುಸ್ತಕ ಸುಡಿಸಿದ, ಪಂಡಿತರನ್ನ ಜೀವಂತ ಹೂಳಿಸಿದ ಅಂತಾರೆ, ಗೋಡೆಗೂ ಗೋರಿಗೂ ಲಕ್ಷಗಟ್ಟಲೆ ಜನರನ್ನ ದುಡಿಸಿದ. ಸಾವಿಲ್ಲದ ಮದ್ದು ಹುಡುಕೋಕೆ ಸಮುದ್ರಕ್ಕೆ ಹಡಗು ಕಳಿಸಿದ್ದು, ಪ್ರವಾಸದಲ್ಲಿ ಸತ್ತಾಗ ಹೆಣದ ವಾಸನೆ ಗೊತ್ತಾಗ್ಬಾರ್ದು ಅಂತ ಮಂತ್ರಿಗಳು ಉಪ್ಪು ಮೀನಿನ ಗಾಡಿ ಜೊತೆಗೆ ಹೊರಡಿಸಿದ್ದು, ಇವೆಲ್ಲ ಮಕ್ಕಳಿಗೆ ಸಖತ್ ಇಷ್ಟ ಆಯ್ತು. ಕೇಸಿಗೆ ಅದರಿಂದ ಏನೂ ಪ್ರಯೋಜನ ಇಲ್ಲ, ಬಿಡಿ.

ಆ ಟೀಚರ್ ಮಾಡಿದ ಒಂದು ಕೆಲಸ ನನಗೆ ತುಂಬಾ ಹಿಡಿಸ್ತು. ಈ ರಾಜ ಒಳ್ಳೆಯವನೋ ಕೆಟ್ಟವನೋ ಅಂತ ಕೇಳ್ಲೇ ಇಲ್ಲ. ಒಂದೊಂದು ಆರೋಪಕ್ಕೆ ಬೇರೆ ಬೇರೆ ತೀರ್ಪು, ಒಂದೊಂದಕ್ಕೂ ಸಾಕ್ಷಿ ಏನಿದೆ ಅಂತ ತೋರಿಸ್ಬೇಕು, ಅಷ್ಟೇ ರೂಲ್ಸು.

ಮೊದಲು ಪುಸ್ತಕದ ಕೇಸು. ಕ್ರಿ.ಪೂ. 213, ಪುಸ್ತಕ ಸುಡಿಸಿ ಅಂತ ಮಂತ್ರಿ ಲಿ ಸಿ ಕೊಟ್ಟ ಸಲಹೆ. ರಾಜನ ಪರ ವಕೀಲೆ ಆಗಿದ್ದ ಹುಡುಗಿ ಚೆನ್ನಾಗಿ ಓದ್ಕೊಂಡು ಬಂದಿದ್ಲು, ವೈದ್ಯದ ಪುಸ್ತಕ, ಬೇಸಾಯದ ಪುಸ್ತಕ, ಶಕುನ ನೋಡೋ ಪುಸ್ತಕ ಸುಡಬೇಡಿ ಅಂತ ಆಜ್ಞೆಯಲ್ಲೇ ಇತ್ತು, ಆಸ್ಥಾನದ ಪಂಡಿತರ ಹತ್ರ ಇದ್ದ ಪ್ರತಿಗಳನ್ನ ಮುಟ್ಟಲಿಲ್ಲ, ಹಂಗಾಗಿ ನಮ್ಮ ಕಕ್ಷಿದಾರ ವಿದ್ಯೆಯ ಶತ್ರು ಅಲ್ಲ ಅಂದ್ಲು. ಎದುರುಗಡೆ ಹುಡುಗ ತಕ್ಷಣ ಎದ್ದ. "ಹಂಗಾದ್ರೆ ಇನ್ನೂ ಕೆಟ್ಟದು ಮಿಸ್, ತನಗೆ ಬೇಕು ಜನಕ್ಕೆ ಬೇಡ ಅಂತ ತಾನೇ ಅರ್ಥ?" ಹುಡುಗಿ ಬಿಡ್ಲಿಲ್ಲ. ಕ್ರಿ.ಪೂ. 206ರಲ್ಲಿ ದಂಗೆಯ ನಾಯಕ ಶಿಯಾಂಗ್ ಯು ರಾಜಧಾನಿ ಶಿಯಾನ್‌ಯಾಂಗಿನ ಅರಮನೆಗೆ ಬೆಂಕಿ ಹಚ್ಚಿದ್ನಲ್ಲ, ಅರಮನೆಯಲ್ಲಿ ಉಳಿದಿದ್ದ ಪುಸ್ತಕ ಆಗ ಸುಟ್ಟು ಹೋದ್ರೆ ಅದೂ ನಮ್ಮ ಕಕ್ಷಿದಾರನ ತಲೆಗೇ ಕಟ್ತೀರಾ ಅಂತ ಕೇಳಿದ್ಲು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಜಡ್ಜ್ ಕುರ್ಚಿಯಲ್ಲಿ ಕೂತಿದ್ದ ಸಣ್ಣ ಹುಡುಗ, ಎಲ್ಲಾ ಪುಸ್ತಕಾನೂ ಒಂದೇ ಮನೇಲಿ ಇಡೋ ಥರ ಮಾಡಿದ್ದು ಯಾರು ಅಂದ. ನಾನು ಸರ್ವಿಸಲ್ಲಿ ಇರೋವಾಗ ಎಷ್ಟೋ ಸಲ ಈ ಪಾಠ ಮಾಡಿದೀನಿ, ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರ್ಲಿಲ್ಲ.

ಪಂಡಿತರ ಕೇಸು ಇನ್ನೂ ಸ್ವಾರಸ್ಯ. ಕ್ರಿ.ಪೂ. 212ರಲ್ಲಿ 460ಕ್ಕೂ ಹೆಚ್ಚು ಜನರನ್ನ ಹೂಳಿಸಿದ ಅಂತ ಬರೆದವನು ಸಿಮಾ ಚಿಯಾನ್ ಅನ್ನೋ ಇತಿಹಾಸಕಾರ, ಅದೂ ಸುಮಾರು ನೂರು ವರ್ಷ ಆದಮೇಲೆ, ಅದೂ ಚಿನ್ ವಂಶ ಬಿದ್ದ ಮೇಲೆ ಬಂದ ಹಾನ್ ವಂಶದ ಆಸ್ಥಾನದಲ್ಲಿ ಕೆಲಸ ಮಾಡ್ಕೊಂಡು. ಇದು ಹೇಳಿದ ಕೂಡ್ಲೇ ಹಿಂದಿನ ಸಾಲಿಂದ ಒಂದು ದನಿ, "ಸರ್ಕಾರ ಬದಲಾದ್ಮೇಲೆ ಹೊಸ ಸಿಎಂ ಹಳೇ ಸಿಎಂ ಬಗ್ಗೆ ಹೇಳೋ ಥರಾನಾ?" ಕ್ಲಾಸೆಲ್ಲಾ ಗೊಳ್ಳಂತ ನಗು. ಟೀಚರೂ ನಕ್ಕು, ಆದ್ರೆ ಆ ಸಿಮಾ ಚಿಯಾನ್ ತನ್ನ ರಾಜನ ಹೊಗಳುಭಟ್ಟ ಅಲ್ಲ, ಅವನ ರಾಜನೇ ಅವನಿಗೆ ಘೋರ ಶಿಕ್ಷೆ ಕೊಡಿಸಿದ್ದ, ಅದನ್ನ ನುಂಗ್ಕೊಂಡು ಪುಸ್ತಕ ಮುಗಿಸಿದವನು, ಈಗ ಹೇಳಿ ನಂಬ್ತೀರಾ ಬಿಡ್ತೀರಾ ಅಂದ್ರು. ಕೊನೆಗೆ ಮಕ್ಕಳ ತೀರ್ಪು: ಸಂಖ್ಯೆ ಸಾಬೀತಾಗಿಲ್ಲ, ಸಂಶಯದ ಲಾಭ ಆರೋಪಿಗೆ. ಇಲ್ಲಿ ನಂದು ತಕರಾರಿದೆ. 460 ಆಗ್ಲಿ 46 ಆಗ್ಲಿ, ಹಳೇ ಕಾಲದ ಉದಾಹರಣೆ ಕೊಟ್ಟು ಈಗಿನ ಆಡಳಿತ ಟೀಕಿಸಿದವನಿಗೆ ಕುಟುಂಬ ಸಮೇತ ಮರಣದಂಡನೆ ಅಂತ ಆ ಪುಸ್ತಕ ಸುಡೋ ಆಜ್ಞೆಯಲ್ಲೇ ಇತ್ತಂತಲ್ಲ, ಅದನ್ನ ಮರೆತು ಮಕ್ಕಳು ಸ್ವಲ್ಪ ಧಾರಾಳ ಆದ್ರು. ಆದ್ರೆ ಪುರಾವೆ ಸಾಲ್ದು ಅಂತ ಹೇಳೋಕೆ ಕಲ್ತಿದಾರಲ್ಲ, ನಮ್ಮ ಟಿವಿ ಚರ್ಚೆಗೆ ಬರೋ ದೊಡ್ಡವರಲ್ಲಿ ಎಷ್ಟು ಜನಕ್ಕೆ ಅದು ಬರುತ್ತೆ?

ಸಾಕ್ಷಿ ಅಂದ್ರೆ ಏನು ಅಂತ ಮಕ್ಕಳಿಗೆ ನಿಜವಾಗ್ಲೂ ಗೊತ್ತಾಗಿದ್ದು ಮಳೆಯ ಕಥೆಯಲ್ಲಿ. ಚಕ್ರವರ್ತಿ ಸತ್ತ ಮಾರನೇ ವರ್ಷ, ಕ್ರಿ.ಪೂ. 209ರಲ್ಲಿ, ಗಡಿ ಕಾಯೋಕೆ ಹೊರಟಿದ್ದ 900 ಜನ ಮಳೆಗೆ ಸಿಕ್ಕಿ ದಾರೀಲೇ ಉಳಿದ್ರು, ಲೇಟಾದ್ರೆ ತಲೆ ಹೋಗುತ್ತೆ, ಹೆಂಗೂ ಸಾಯೋದೇ ಅಂತ ಚೆನ್ ಶೆಂಗ್, ವು ಗುವಾಂಗ್ ಅನ್ನೋ ಇಬ್ಬರು ದಂಗೆ ಎಬ್ಬಿಸಿದ್ರು ಅಂತ ಅದೇ ಸಿಮಾ ಚಿಯಾನ್ ಬರೀತಾನೆ. ಆದ್ರೆ 1975ರಲ್ಲಿ ಹುಬೇ ಪ್ರಾಂತ್ಯದ ಶುಯಿಹುದಿ ಅನ್ನೋ ಜಾಗದಲ್ಲಿ ಆ ಕಾಲದ ಒಬ್ಬ ಸಣ್ಣ ಅಧಿಕಾರಿಯ ಗೋರಿ ಸಿಕ್ತು, ಅದರೊಳಗೆ ಸಾವಿರಕ್ಕೂ ಹೆಚ್ಚು ಬಿದಿರು ಪಟ್ಟಿ, ಬಹುಪಾಲು ಚಿನ್ ರಾಜ್ಯದ ಕಾನೂನು. ಅದರಲ್ಲಿ ಬಿಟ್ಟಿ ಕೆಲಸಕ್ಕೆ ಲೇಟಾಗಿ ಬಂದವರಿಗೆ ಏನು ಶಿಕ್ಷೆ ಅಂತ ಇದೆ. 3ರಿಂದ 5 ದಿನ ಲೇಟಾದ್ರೆ ಬೈಗುಳ. 6ರಿಂದ 10 ದಿನ ಆದ್ರೆ ಒಂದು ಗುರಾಣಿ ದಂಡ. ಅದಕ್ಕೂ ಮೇಲಾದ್ರೆ ಒಂದು ಕವಚ ದಂಡ. ಮಳೆ ಬಂದ್ರೆ ಮಾಫಿ! ಟೀಚರ್ ಎರಡೂ ಕಥೇನ ಬೋರ್ಡ್ ಮೇಲೆ ಅಕ್ಕಪಕ್ಕ ಬರೆದು ಸುಮ್ಮನೆ ಕೂತ್ಕೊಂಡ್ರು. ಒಬ್ಬಳು, ಹಂಗಾದ್ರೆ ಸಿಮಾ ಚಿಯಾನ್ ಸುಳ್ಳು ಅಂದ್ಲು. ಇನ್ನೊಬ್ಬ, ಅದು ಕೂಲಿಯವರ ಕಾನೂನು, ಇವರು ಗಡಿ ಕಾಯೋಕೆ ಹೊರಟವರು, ಮಿಲಿಟರಿಗೆ ಬೇರೆ ಇರ್ಬೋದು ಅಂದ. ಮೂರನೆಯವನ ಮಾತು ಕೇಳಿ ನನಗೆ ಚಪ್ಪಾಳೆ ತಟ್ಟೋ ಹಂಗಾಯ್ತು: "ಕಾನೂನಲ್ಲಿ ಬರೆದಿದ್ರೆ ಹಂಗೇ ನಡೀತಿತ್ತು ಅಂತ ಏನು ಗ್ಯಾರಂಟಿ? ಹಿಂದೆ ಕೂತೋರಿಗೂ ಹೆಲ್ಮೆಟ್ ಕಂಪಲ್ಸರಿ ಅಂತ ರೂಲ್ಸಿದೆ, ನಮ್ಮ ರೋಡಲ್ಲಿ ನೋಡಿ."

ಗೋಡೆ ವಿಷಯಕ್ಕೆ ಬಂದಾಗ ಮಾತ್ರ ನಗು ನಿಂತ್ಹೋಯ್ತು. ಫೋಟೋದಲ್ಲಿ ನಾವು ನೋಡೋ ಇಟ್ಟಿಗೆ ಕಲ್ಲಿನ ಮಹಾಗೋಡೆ ಬಹಳ ಮಟ್ಟಿಗೆ ಮಿಂಗ್ ವಂಶದ ಕಾಲದ್ದು, ಚಿನ್ ಕಾಲಕ್ಕಿಂತ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು ಈಚಿನದು. ಚಿನ್ ಕಾಲದ್ದು ಹೆಚ್ಚಿನ ಕಡೆ ಮಣ್ಣು ಬಡಿದು ಗಟ್ಟಿ ಮಾಡಿದ ಗೋಡೆ, ಹಳೇ ರಾಜ್ಯಗಳ ಗೋಡೆಗಳನ್ನೇ ಜೋಡಿಸಿದ್ದು, ಸೇನಾಪತಿ ಮೆಂಗ್ ತಿಯಾನ್ ಕೈಕೆಳಗೆ 3 ಲಕ್ಷ ಜನ ಇದ್ರು ಅಂತ ದಾಖಲೆ. ಗೋರಿ ಮತ್ತೆ ಅರಮನೆ ಕೆಲಸಕ್ಕೆ 7 ಲಕ್ಷ ಅಂತಾರೆ. ಅಲ್ಲಿ ತನಕ ಬಾಯಿ ಬಿಡದೆ ಇದ್ದ ಒಂದು ಹುಡುಗಿ, ಅವರಪ್ಪ ರಾಯಚೂರು ಕಡೆಯಿಂದ ಬಂದು ಇಲ್ಲೇ ಬಿಲ್ಡಿಂಗ್ ಕೆಲಸ ಮಾಡ್ತಾರಂತೆ, ಎದ್ದು ನಿಂತು "ದಿನಕ್ಕೆ ಪಗಾರ ಎಷ್ಟು ಕೊಡ್ತಿದ್ರು?" ಅಂತ ಕೇಳಿದ್ಲು. ಪಗಾರ ಇಲ್ಲಮ್ಮ, ಅದು ಕಡ್ಡಾಯ ಬಿಟ್ಟಿ, ಜೊತೆಗೆ ಕೈದಿಗಳು, ದಂಡ ಕಟ್ಟೋಕಾಗದೆ ದುಡಿದು ತೀರಿಸೋರು ಅಂತ ಟೀಚರ್ ಹೇಳಿದ್ರು. ಚಕ್ರವರ್ತಿ ಗೋರಿ ಹತ್ರ ಕೆಲಸಗಾರರ ಸಮಾಧಿಗಳು ಸಿಕ್ಕಿವೆ, ಒಡೆದ ಹೆಂಚಿನ ಚೂರಿನ ಮೇಲೆ ಸತ್ತವನ ಹೆಸರು, ಅವನ ಊರು ಗೀಚಿ ಜೊತೆಗಿಟ್ಟಿದಾರೆ, ಕೆಲವರದ್ದು ದಂಡದ ಬಾಕಿಗೆ ಬಂದವನು ಅಂತಾನೂ ಇದೆ. 1974ರಲ್ಲಿ ರೈತರು ಬಾವಿ ತೋಡೋವಾಗ ಸಿಕ್ಕ ಆ ಮಣ್ಣಿನ ಸೈನಿಕರನ್ನ ನೋಡೋಕೆ ಲೋಕವೇ ಹೋಗುತ್ತೆ, ಸುಮಾರು 8000 ಇವೆ ಅಂತ ಅಂದಾಜು. ಈ ಹೆಂಚಿನ ಚೂರಿನ ಬಗ್ಗೆ ಕೇಳಿದವರು ಎಷ್ಟು ಜನ? ಈ ಆರೋಪಕ್ಕೆ ಮಾತ್ರ ವಾದಾನೇ ನಡೀಲಿಲ್ಲ, ರಾಜನ ವಕೀಲೆಯೇ ಕೂತ್ಬಿಟ್ಲು.

ನಾವು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದು ಬೇರೆ ವಿದ್ಯೆ. ಮಧ್ಯೆ ಒಂದು ಗೆರೆ, ಎಡಗಡೆ ಸಾಧನೆಗಳು, ಬಲಗಡೆ ದೋಷಗಳು, ಕೆಳಗೆ "ಕ್ರೂರಿಯಾದರೂ ಸಮರ್ಥ ಆಡಳಿತಗಾರ" ಅಂತ ಒಂದು ಸಾಲು, ತಗೋ ಫುಲ್ ಮಾರ್ಕ್ಸ್. ವ್ಯಾಲ್ಯುಯೇಷನ್ನಲ್ಲಿ ಆ ಸಾಲು ಇಲ್ಲ ಅಂತ ಚೆನ್ನಾಗಿ ಬರೆದ ಮಕ್ಕಳಿಗೆ ಅರ್ಧ ಮಾರ್ಕ್ಸ್ ಕಟ್ ಮಾಡಿಸಿದ್ದನ್ನ ನಾನು ಕಣ್ಣಾರೆ ಕಂಡಿದೀನಿ, ಎಲ್ಲಿ ಅಂತ ಹೇಳೋದು ಬೇಡ. ನೋಡೋಕೆ ಇದು ನ್ಯಾಯವಾಗೇ ಕಾಣುತ್ತೆ. ಆದ್ರೆ ಅಳತೆ ತೂಕ ಒಂದಾಗಿದ್ದರಿಂದ ಲಾಭ ಆದ ವ್ಯಾಪಾರಿ ಬೇರೆ, ಗೋಡೆ ಬುಡದಲ್ಲಿ ಸತ್ತವನು ಬೇರೆ. ಒಬ್ಬನ ಲಾಭಾನ ಇನ್ನೊಬ್ಬನ ಸಾವಿಗೆ ವಜಾ ಹಾಕೋಕೆ ನಾವು ಯಾರು?

ಲಿಪಿ ಚರ್ಚೆಯಂತೂ ಬೆಂಗಳೂರಿನ ಮಕ್ಕಳಾದ್ದರಿಂದ ಎಲ್ಲೋ ಹೋಯ್ತು. ಮೊದಲು ಎಲ್ಲರೂ, ದೇಶಕ್ಕೆಲ್ಲಾ ಒಂದೇ ಲಿಪಿ ಸೂಪರ್ ಐಡಿಯಾ ಅಂದ್ರು. ಕನ್ನಡ ಲಿಪಿ ತೆಗೆದು ಬೇರೆ ಯಾವುದೋ ಒಂದು ಹಾಕಿದ್ರೆ ಅಂತ ಯಾರೋ ಅಂದಿದ್ದೇ ತಡ, ಅರ್ಧ ಕ್ಲಾಸ್ ಉಲ್ಟಾ ಹೊಡೀತು. ಅಲ್ಲಿ ಮಾತಾಡೋ ಭಾಷೆಗಳು ಬೇರೆ ಬೇರೆಯಾಗೇ ಉಳಿದ್ವು, ಒಂದಾಗಿದ್ದು ಬರವಣಿಗೆ ಮಾತ್ರ ಅಂತ ಟೀಚರ್ ಬಿಡಿಸಿ ಹೇಳಿದ್ರೂ ಗಲಾಟೆ ನಿಲ್ಲಲಿಲ್ಲ. ಅದಕ್ಕೆ ತೀರ್ಪೇ ಬರ್ಲಿಲ್ಲ, ಬರದೇ ಇದ್ದಿದ್ದೇ ವಾಸಿ.

ಈಗ ಚೀನಾದವನೇ ಯಾಕೆ ಅನ್ನೋದು. ಇವನಿಗೆ ನಮ್ಮೂರಿನ ಯಾವ ಸರ್ಕಲ್ಲಲ್ಲೂ ಪ್ರತಿಮೆ ಇಲ್ಲ, ಜಯಂತಿ ಇಲ್ಲ, ಜಾತಿ ಇಲ್ಲ, ವೋಟಿಲ್ಲ. ಟಿಪ್ಪು ಹೆಸರು ಎತ್ತಿ ನೋಡಿ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡ್ತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸ್ತು, ಅದರ ಮಧ್ಯೆ ಬೀದೀಲಿ ನಡೆದಿದ್ದೆಲ್ಲಾ ನಿಮ್ಮ ಪೇಪರಲ್ಲೇ ಬಂದಿದೆ. ಡ್ರೈವಿಂಗ್ ಕಲಿಯೋರನ್ನ ಮೊದಲನೇ ದಿನವೇ ಯಾರೂ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಕರ್ಕೊಂಡು ಹೋಗಲ್ಲ, ಖಾಲಿ ಮೈದಾನಕ್ಕೆ ಕರ್ಕೊಂಡು ಹೋಗ್ತಾರೆ.

ಮೈದಾನದಲ್ಲೇ ಇರಿ ಅಂತಲೂ ನಾನು ಹೇಳ್ತಿಲ್ಲ. ಮಕ್ಕಳು ಅವತ್ತೇ ಅಶೋಕನ ಹತ್ರ ಬಂದ್ಬಿಟ್ರು, ಯಾರೂ ಕರೀಲಿಲ್ಲ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲದವರು, ಚಿನ್ ಹುಡುಗ ಪಟ್ಟಕ್ಕೆ ಬಂದಾಗ ಅಶೋಕ ಇನ್ನೂ ಆಳ್ತಿದ್ದ. ಇಬ್ಬರೂ ಕಲ್ಲಲ್ಲಿ ಕೆತ್ತಿಸಿದವರು. ಚಿನ್ ರಾಜ ಬೆಟ್ಟಬೆಟ್ಟದ ಮೇಲೆ ತನ್ನ ಪ್ರತಾಪ ಕೆತ್ತಿಸಿದ, ಅಶೋಕ ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನ ಸೆರೆ ಹಿಡಿದು ಸಾಗಿಸಿದ್ದಾಯ್ತು, ನನಗೆ ನೋವಾಗಿದೆ ಅಂತ ಕೆತ್ತಿಸಿದ. ಆ ರಾಯಚೂರಿನ ಹುಡುಗಿಗೆ ಮಸ್ಕಿ ಶಾಸನ ಗೊತ್ತಿತ್ತು, ಅಶೋಕ ಅಂತ ಹೆಸರೇ ಇರೋ ಶಾಸನ ನಮ್ಮ ಕಡೇದು ಅಂತ ಜಂಬದಲ್ಲೇ ಹೇಳಿದ್ಲು. ಆಗ ನಾನು ತಡೀಲಾರದೆ ಹಿಂದಿನ ಬೆಂಚಿಂದ ಒಂದು ಮಾತು ಸೇರಿಸ್ದೆ. ಆ ಪಶ್ಚಾತ್ತಾಪದ ಹದಿಮೂರನೇ ಶಾಸನ ಬೇರೆ ಕಡೆ ಇದೆ, ಕಳಿಂಗದ ಒಳಗೇ ಇರೋ ಧೌಲಿ, ಜೌಗಡ ಬಂಡೆಗಳ ಮೇಲೆ ಇಲ್ಲ, ಅಲ್ಲಿ ಅದರ ಬದಲು ಬೇರೆ ಶಾಸನ ಹಾಕಿಸಿದಾನೆ ಅಂದೆ. ಅವಳ ಮುಖ ಚಿಕ್ಕದಾಯ್ತು. "ಮತ್ತೆ ಯಾರಿಗೆ ಸಾರಿ ಕೇಳ್ಬೇಕಿತ್ತೋ ಅವ್ರಿಗೇ ಕೇಳಿಲ್ಲಲ್ರಿ!" ಅಂದ್ಲು. ಇಂಥ ಪ್ರಶ್ನೆ ಕೇಳೋ ಮಗುಗೆ ಯೋಗ್ಯತೆ ಇಲ್ಲ ಅಂತ ಹೇಳೋರು ದಯವಿಟ್ಟು ಆ ಗ್ರೂಪಿಂದ ಆಚೆ ಬಂದು ಒಂದು ದಿನ ಕ್ಲಾಸಲ್ಲಿ ಕೂತು ನೋಡ್ಲಿ.

ಶಿಕ್ಷಣ ಇಲಾಖೆಯವರಿಗೆ ನನ್ನ ಕೋರಿಕೆ ಸಣ್ಣದು. ಸಮಾಜ ವಿಜ್ಞಾನದ ಪೇಪರಲ್ಲಿ ಒಂದೇ ಒಂದು ಪ್ರಶ್ನೆ, ಒಂದೇ ಘಟನೆ ಬಗ್ಗೆ ಹೊಂದಾಣಿಕೆ ಆಗದ ಎರಡು ಆಧಾರ ಕೊಟ್ಟು, ಯಾವುದನ್ನ ಎಷ್ಟು ನಂಬ್ತೀಯ, ಯಾಕೆ ಅಂತ ಕೇಳಿ. ಉತ್ತರ ಯಾವ ಕಡೆ ಇದ್ರೂ ಕಾರಣಕ್ಕೆ ಮಾರ್ಕ್ಸ್ ಕೊಡಿ. ವ್ಯಾಲ್ಯುಯೇಷನ್ ಕಷ್ಟ ಅಂತೀರಿ, ಹೌದು ಕಷ್ಟವೇ, ಸಂಬಳ ತಗೊಳೋ ನಾವು ಪಡೋಣ ಆ ಕಷ್ಟ.

ಆ ಶಾಲೆಯಲ್ಲಿ ಮುಂದಿನ ಟರ್ಮಿಗೆ ಅಶೋಕನದ್ದೇ ಕೇಸಂತೆ. ರಾಜನ ಪರ ವಾದ ಮಾಡ್ತೀನಿ ಅಂತ ರಾಯಚೂರಿನ ಹುಡುಗೀನೇ ಹೆಸರು ಕೊಟ್ಟಿದಾಳೆ. ಹದಿಮೂರನೇ ಶಾಸನ ಮತ್ತೆ ಧೌಲಿ ಶಾಸನ ಎರಡನ್ನೂ ಹೈಸ್ಕೂಲ್ ಮಕ್ಕಳಿಗೆ ಅರ್ಥ ಆಗೋ ಕನ್ನಡದಲ್ಲಿ ಯಾರಾದ್ರೂ ಓದುಗರು ಮಾಡಿದ್ರೆ ನಿಮ್ಮ ಪೇಪರಿನ ಮಕ್ಕಳ ಪುಟದಲ್ಲಿ ಹಾಕಿ, ಟರ್ಮ್ ಶುರುವಾಗೋಕೆ ಮುಂಚೆ ಬಂದ್ರೆ ಅನುಕೂಲ.

ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ
ಬಸವೇಶ್ವರನಗರ, ಬೆಂಗಳೂರು